ತೂಗುಬುಟ್ಟಿಗಳಲ್ಲಿ ಪೆಟೂನಿಯಾ ಬೆಳೆಸಿದ ನನ್ನ ಅನುಭವ

ಬೆಂಗಳೂರಿನ ನಮ್ಮ ಮನೆಯ ಬಾಲ್ಕನಿ ಪೂರ್ವಾಭಿಮುಖವಾಗಿದ್ದು, ಬೆಳಿಗ್ಗೆ ಏಳರಿಂದ ಸುಮಾರು ಹನ್ನೆರಡರವರೆಗೆ ನೇರ ಬಿಸಿಲು ಬೀಳುತ್ತದೆ. ಪೆಟೂನಿಯಾ ಹೂಗಿಡಕ್ಕೆ ಅಷ್ಟು ಬಿಸಿಲು ಸಾಕೆಂದು ತಿಳಿದು, ಮೊದಲ ವರ್ಷ ನೆಲದ ಕುಂಡಗಳಿಗೆ ಬಳಸುತ್ತಿದ್ದ ಕೆಂಪುಮಣ್ಣು ಮತ್ತು ಕೊಟ್ಟಿಗೆ ಗೊಬ್ಬರವನ್ನೇ ತೂಗುಬುಟ್ಟಿಗಳಿಗೂ ತುಂಬಿದೆ. ಒಂದು ತಿಂಗಳು ಕಳೆಯುವಷ್ಟರಲ್ಲಿ ಗಿಡಗಳು ಬಾಡತೊಡಗಿದವು. ನೀರು ಸಾಲದೆಂದು ದಿನಕ್ಕೆರಡು ಬಾರಿ ಹಾಕಿದರೂ ಚೇತರಿಸಿಕೊಳ್ಳಲಿಲ್ಲ. ಕೊನೆಗೆ ಒಂದು ಬುಟ್ಟಿಯನ್ನು ಕವಿಚಿ ನೋಡಿದಾಗ, ಮಣ್ಣು ಹೆಂಟೆಯಂತೆ ಬಿಗಿದು ಅಂಚಿನಿಂದ ಬಿಟ್ಟುಕೊಂಡಿತ್ತು. ಹಾಕಿದ ನೀರೆಲ್ಲ ಆ ಸಂದಿನಲ್ಲೇ ಇಳಿದು ಹೋಗಿ, ಬೇರುಗಳಿದ್ದ ನಡುಭಾಗ ಒಣಗಿಯೇ ಉಳಿದಿತ್ತು.

ಮರುವರ್ಷದಿಂದ ಎರಡು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಎರೆಹುಳು ಗೊಬ್ಬರ ಹಾಗೂ ಒಂದು ಪಾಲು ಕೆಂಪುಮಣ್ಣಿಗೆ ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ ತುಂಬುತ್ತಿದ್ದೇನೆ. ಕೋಕೋಪೀಟಿನಲ್ಲಿ ಉಪ್ಪಿನಂಶವಿರುವುದರಿಂದ ಅದನ್ನು ಎರಡು ಮೂರು ಬಾರಿ ನೀರಿನಲ್ಲಿ ನೆನೆಸಿ ಹಿಂಡಿಯೇ ಬಳಸಬೇಕು.

ಬೀಜವನ್ನು ದಸರಾ ಹೊತ್ತಿಗೆ ಬಿತ್ತುತ್ತೇನೆ. ಧೂಳಿನಂತಹ ಈ ಬೀಜ ಮೊಳೆಯಲು ಬೆಳಕು ಬೇಕಾದ್ದರಿಂದ ಮೇಲೆ ಮಣ್ಣು ಮುಚ್ಚುವುದಿಲ್ಲ. ತಳಿಯನ್ನು ನೋಡಿ ಆರಿಸಿಕೊಳ್ಳುವುದು ಮುಖ್ಯ: ದೊಡ್ಡ ಹೂವಿನ ಸಾಮಾನ್ಯ ಪೆಟೂನಿಯಾ ನೆಟ್ಟಗೆ ಬೆಳೆದು ಬುಟ್ಟಿಯ ಮೇಲಷ್ಟೇ ನಿಲ್ಲುತ್ತದೆ, ವೇವ್ ಮಾದರಿಯ ತಳಿಗಳು ಮಾತ್ರ ತಾವಾಗಿಯೇ ಹರಡಿ ಕೆಳಗಿಳಿಯುತ್ತವೆ. ಹನ್ನೆರಡು ಇಂಚಿನ ಬುಟ್ಟಿಗೆ ನಾಲ್ಕು ಸಸಿಗಳನ್ನು, ನಡುವೆ ನೆಡದೆ, ಅಂಚಿನ ಸಮೀಪ ಹೊರಕ್ಕೆ ಓರೆಯಾಗಿಸಿ ನೆಡುತ್ತೇನೆ. ಆರೇಳು ಎಲೆ ಮೂಡಿದಾಗ ಕುಡಿ ಚಿವುಟಿದರೆ ಬುಡದಿಂದಲೇ ಕವಲುಗಳೊಡೆಯುತ್ತವೆ. ಮೊಗ್ಗು ಕಾಣಿಸಿದ ಮೇಲೆ ಚಿವುಟಲು ಮನಸ್ಸು ಬರುವುದಿಲ್ಲ, ಆದ್ದರಿಂದ ಆ ಕೆಲಸವನ್ನು ಮೊದಲೇ ಮುಗಿಸುವುದು ಲೇಸು.

ಗಾಳಿಗೆ ಎಲ್ಲ ಕಡೆಯಿಂದ ತೆರೆದುಕೊಂಡಿರುವ ತೂಗುಬುಟ್ಟಿ ನೆಲದ ಕುಂಡಕ್ಕಿಂತ ಬೇಗ ಒಣಗುತ್ತದೆ. ಮೇಲ್ಮಣ್ಣು ನೋಡಿ ನಿರ್ಧರಿಸುವುದನ್ನು ಬಿಟ್ಟು, ಬುಟ್ಟಿಯನ್ನು ಅಂಗೈಯಿಂದ ಕೊಂಚ ಮೇಲೆತ್ತಿ ಹಗುರವೆನಿಸಿದಾಗ ಮಾತ್ರ ತಳದಿಂದ ಹರಿಯುವಷ್ಟು ನೀರು ಕೊಡುತ್ತೇನೆ. ಡಿಸೆಂಬರಿನಲ್ಲಿ ದಿನಕ್ಕೊಮ್ಮೆ ಸಾಕಾದರೆ, ಫೆಬ್ರವರಿ ಕೊನೆಯಿಂದ ಸಂಜೆಯೂ ಬೇಕಾಗುತ್ತದೆ. ಊರಿಗೆ ಹೋಗಿ ಬಂದಾಗ ಪೂರ್ತಿ ಒಣಗಿದ ಬುಟ್ಟಿಗೆ ಮೇಲಿನಿಂದ ನೀರು ಹಾಕಿ ಪ್ರಯೋಜನವಿಲ್ಲ. ಅದನ್ನು ಅರ್ಧ ಗಂಟೆ ನೀರು ತುಂಬಿದ ಬಕೆಟ್ಟಿನಲ್ಲಿಡಬೇಕು. ಹೀಗೆ ದಿನವೂ ಹರಿಯುವ ನೀರಿನೊಂದಿಗೆ ಪೋಷಕಾಂಶಗಳೂ ಕೊಚ್ಚಿಹೋಗುವುದರಿಂದ, ಹತ್ತು ದಿನಕ್ಕೊಮ್ಮೆ ಲೀಟರ್ ನೀರಿಗೆ ಒಂದು ಗ್ರಾಂನಂತೆ, ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮನಾಗಿರುವ 19:19:19 ಗೊಬ್ಬರ ಕರಗಿಸಿ ಹಾಕುತ್ತೇನೆ.

ಬಾಡಿದ ಹೂವನ್ನು ಎಸಳಷ್ಟೇ ಕಿತ್ತರೆ ಸಾಲದು, ಬುಡದಲ್ಲಿ ಕಟ್ಟುವ ಪುಟ್ಟ ಕಾಯಿಯನ್ನೂ ತೆಗೆಯಬೇಕು. ಇಲ್ಲದಿದ್ದರೆ ಗಿಡದ ಶಕ್ತಿಯೆಲ್ಲ ಬೀಜಕ್ಕೆ ಹೋಗುತ್ತದೆ. ಜನವರಿ ಕೊನೆಗೆ ಬಳ್ಳಿಗಳು ಉದ್ದವಾಗಿ ತುದಿಯಲ್ಲಷ್ಟೇ ಹೂ ಬಿಡತೊಡಗಿದಾಗ ಅರ್ಧಕ್ಕೆ ಕತ್ತರಿಸಿಬಿಡುತ್ತೇನೆ. ಮೊದಲ ಸಲ ಕತ್ತರಿ ಹಿಡಿದಾಗ ತುಂಬ ಸಂಕಟವಾಗಿತ್ತು, ಆದರೆ ಮೂರ್ನಾಲ್ಕು ವಾರಗಳಲ್ಲಿ ಬುಟ್ಟಿ ಮತ್ತೆ ತುಂಬಿಕೊಂಡಿತು.

ಏಪ್ರಿಲ್ ಬಿಸಿಲಿಗೆ ಪೆಟೂನಿಯಾ ಸೊರಗುತ್ತದೆ. ಆಗ ಅದನ್ನು ತೆಗೆದು, ಅದೇ ಬುಟ್ಟಿಗಳಲ್ಲಿ ಟೇಬಲ್ ರೋಸಿನ (ಪೋರ್ಚುಲಾಕಾ ಹೂಗಿಡ) ಬೆರಳುದ್ದದ ಕಾಂಡದ ತುಂಡುಗಳನ್ನು ಚುಚ್ಚುತ್ತೇನೆ. ಬಿಸಿಲಿದ್ದಾಗಲೇ ಅರಳುವ ಹೂವಾದ್ದರಿಂದ ನಮ್ಮ ಬಾಲ್ಕನಿಯ ಬೆಳಗಿನ ಬಿಸಿಲಿಗೆ ಅದು ಚೆನ್ನಾಗಿ ಹೊಂದಿಕೊಂಡಿದೆ.