ಹಿಂದಿನ ದನಿಗಳಿಂದ ಶುರು ಮಾಡಿದೆವು: ಡೂ-ವಾಪ್ ಕಲಿತ ನನ್ನ ಅನುಭವ

ಡೂ-ವಾಪ್ ಎಂದರೆ 1950ರ ದಶಕದಲ್ಲಿ ಅಮೆರಿಕದಲ್ಲಿ ಜನಪ್ರಿಯವಾಗಿದ್ದ ಗುಂಪು ಹಾಡಿನ ಶೈಲಿ: ಒಬ್ಬ ಲೀಡ್, ಅಂದರೆ ಮುಖ್ಯ ಸಾಲು, ಹಾಡುತ್ತಾನೆ, ಉಳಿದವರು ಹಿಂದೆ ದನಿ ಕೂಡಿಸುತ್ತಾರೆ. ಅದನ್ನು ಕಲಿಯಲು ಹೊರಟವರು ಸಾಮಾನ್ಯವಾಗಿ ಮೊದಲು ಲೀಡ್ ಹಾಡುವವನ ಸಾಲನ್ನೇ ಹಿಡಿಯುತ್ತಾರೆ. ನ್ಯೂಜೆರ್ಸಿಯಲ್ಲಿ ನಾವು ಐದು ಜನ ಗೆಳೆಯರು ಉಲ್ಟಾ ಮಾಡಿದೆವು. ಲೀಡ್ ಹಾಡುವವನನ್ನು ಸುಮ್ನೆ ಕೂರಿಸಿ, ಹಿಂದಿನ ನಾಲ್ಕು ದನಿಗಳನ್ನು ಮೊದಲು ಕೂಡಿಸಿದೆವು. ಇದಕ್ಕೆ ಕಾರಣ ಆ ಕಾಲದ ನ್ಯೂಯಾರ್ಕಿನ ಗುಂಪು, ಫ್ರ್ಯಾಂಕಿ ಲೈಮನ್ ಮತ್ತು ಟೀನೇಜರ್ಸ್.

ಅವರ ಕಾಲದಲ್ಲಿ ನ್ಯೂಯಾರ್ಕಿನ ಹುಡುಗರು ಬೀದಿ ಮೂಲೆಯಲ್ಲಿ, ದನಿ ಮೊಳಗುವ ಮೆಟ್ಟಿಲುಗಳ ಹತ್ತಿರ ನಿಂತು ವಾದ್ಯಗಳ ಕೆಲಸವನ್ನೂ ಬಾಯಲ್ಲೇ ಮಾಡುತ್ತಿದ್ದರು. ಹರ್ಮನ್ ಸ್ಯಾಂಟಿಯಾಗೊ, ಜಿಮ್ಮಿ ಮರ್ಚೆಂಟ್, ಜೋ ನೆಗ್ರೋನಿ, ಶೆರ್ಮನ್ ಗಾರ್ನ್ಸ್ ಮೊದಲೇ ಒಟ್ಟಿಗೆ ಹಾಡುತ್ತಿದ್ದರು, ಲೈಮನ್ ಆಮೇಲೆ ಸೇರಿದ. 1956ರಲ್ಲಿ ‘ವೈ ಡು ಫೂಲ್ಸ್ ಫಾಲ್ ಇನ್ ಲವ್’ ಬಂದಾಗ ಅವನಿಗೆ 13 ವರ್ಷ. ಅಮೆರಿಕದ ಪಾಪ್ ಪಟ್ಟಿಯಲ್ಲಿ 6ನೇ ಸ್ಥಾನ, ಬ್ರಿಟನ್ನಿನಲ್ಲಿ ಮೊದಲನೆಯದು. ಎಲ್ಲರಿಗೂ ನೆನಪಿರುವುದು ಆ ಹುಡುಗನ ಎತ್ತರದ ದನಿ, ಆದರೆ ಹಾಡು ಶುರುವಾಗುವುದೇ ಗಾರ್ನ್ಸ್‌ನ ಬೇಸ್ ದನಿಯಿಂದ, ಅಂದರೆ ಎಲ್ಲಕ್ಕಿಂತ ಕೆಳಗಿನ ದನಿಯಿಂದ, ಅಲ್ವಾ?

ನಾವು ಅಭ್ಯಾಸ ಮಾಡಿದ್ದು ಹೀಗೆ. ಡೂ-ವಾಪ್‌ನ ಎಷ್ಟೋ ಹಾಡುಗಳು ಒಂದೇ ನಾಲ್ಕು ಕಾರ್ಡ್‌ಗಳ ಮೇಲೆ ಸುತ್ತುತ್ತವೆ; ಕಾರ್ಡ್ ಎಂದರೆ ಒಟ್ಟಿಗೆ ಮೊಳಗುವ ಕೆಲವು ಸ್ವರಗಳ ಗುಂಪು. ಶಂಕರಾಭರಣದ ಸ್ವರಗಳಲ್ಲಿ ಹೇಳುವುದಾದರೆ ಬೇಸ್ ದನಿ ಸ, ದ, ಮ, ಪ ಎಂದು ಹೋಗುತ್ತದೆ. ಅದರ ಮೇಲೆ ಒಬ್ಬ ಸ, ಸ, ಸ, ನಿ. ಇನ್ನೊಬ್ಬ ಗ, ಗ, ಮ, ರಿ. ಮತ್ತೊಬ್ಬ ಪ, ದ, ದ, ಪ. ನೋಡಿ, ಬೇಸ್ ಬಿಟ್ಟರೆ ಯಾರೂ ಜಾಸ್ತಿ ಓಡಾಡುವುದಿಲ್ಲ, ಅದಕ್ಕೇ ಅದು ಅಷ್ಟು ಮೆತ್ತಗೆ ಕೇಳುತ್ತದೆ. ನನ್ನದು ಕರ್ನಾಟಕ ಸಂಗೀತದ ಗಂಟಲು, ಸ್ವರವನ್ನು ಅಲುಗಿಸದೆ ಬಿಡುವುದಿಲ್ಲ, ಇಲ್ಲಿ ಒಂದು ಗಮಕ ಬಂದರೂ ಪಕ್ಕದವನ ಸ್ವರಕ್ಕೆ ತಾಗಿ ಇಡೀ ಕಾರ್ಡ್ ಕದಡಿಹೋಗುತ್ತದೆ. ತಂಬೂರಿ ಹಾಕಿಕೊಂಡು ಬರೀ ‘ಊ’ ಎಂದು ನೇರ ಸ್ವರ ಹಿಡಿದೆ. ಆಮೇಲೆ ತಂಬೂರಿ ನಿಲ್ಲಿಸಿ, ಬೇಸ್ ಹಾಡುವವನ ಪಕ್ಕದಲ್ಲೇ ನಿಂತು, ಅವನ ದನಿಗೇ ಶ್ರುತಿ ಸೇರಿಸಿದೆ. ನಾಲ್ಕೂ ದನಿ ಕೂಡಿದ ಸಂಜೆ ಲೀಡ್ ಇಲ್ಲದೆಯೂ ಹಾಡು ತುಂಬಿಕೊಂಡಿತ್ತು.

ಟೀನೇಜರ್ಸ್‌ಗೆ ಆದದ್ದು ಇದರ ತದ್ವಿರುದ್ಧ. 1957ರಲ್ಲಿ ಲೈಮನ್‌ನನ್ನು ಗುಂಪಿನಿಂದ ಬೇರೆ ಮಾಡಿ ಒಬ್ಬನನ್ನೇ ಮುಂದೆ ನಿಲ್ಲಿಸಿದರು. ಅವನಿಗೂ, ಉಳಿದ ನಾಲ್ವರಿಗೂ ಮತ್ತೆ ಆ ಎತ್ತರ ಸಿಗಲಿಲ್ಲ. ವಯಸ್ಸಿಗೆ ಬಂದಂತೆ ಅವನ ದನಿ ಬದಲಾಯಿತು, ಹೆರಾಯಿನ್ ಹಿಡಿಯಿತು, 1968ರಲ್ಲಿ 25ನೇ ವಯಸ್ಸಿಗೇ ತೀರಿಕೊಂಡ. ಆ ಹಾಡು ಬರೆದದ್ದರಲ್ಲಿ ನಮ್ಮ ಪಾಲೂ ಇದೆ ಎಂದು ಸ್ಯಾಂಟಿಯಾಗೊ, ಮರ್ಚೆಂಟ್ ಕೋರ್ಟಿಗೆ ಹೋದರು. 1992ರಲ್ಲಿ ಜ್ಯೂರಿ ಒಪ್ಪಿತು, 1996ರಲ್ಲಿ ಮೇಲಿನ ಕೋರ್ಟು ಕಾಲಮಿತಿ ಮೀರಿದೆ ಎಂದು ಆ ತೀರ್ಪನ್ನು ತೆಗೆದುಹಾಕಿತು. ಈಗಲೂ ನೆನೆದರೆ ಸಿಟ್ಟು ಬರುತ್ತದೆ.

ನಮ್ಮಲ್ಲಿ ಲೀಡ್ ಜಾಗ ಹಾಡಿನಿಂದ ಹಾಡಿಗೆ ಬದಲಾಗುತ್ತದೆ. ಬೇಸ್ ಮಾತ್ರ ಒಬ್ಬನದೇ, ಅಷ್ಟು ಕೆಳಗೆ ಇಳಿಯುವ ಗಂಟಲು ನಮ್ಮಲ್ಲಿ ಇನ್ಯಾರಿಗೂ ಇಲ್ಲ.