ನರ ಮೊದಲು, ಎಲುಬು ಆಮೇಲೆ: ಫೇಶಿಯಲ್ ಕೆನಾಲನ್ನು ಕ್ಲೇಯಲ್ಲಿ ಮಾಡಿ ನೋಡಿ

ಮಂಗಳೂರು, ಮಣಿಪಾಲದಲ್ಲಿ ಮೆಡಿಕಲ್, ಡೆಂಟಲ್, ಆಡಿಯಾಲಜಿ ಅಂತ ಫಸ್ಟ್ ಇಯರ್ ಓದುವ ಮಕ್ಕಳು ಎಷ್ಟು ಜನ ಇದ್ದಾರೋ ಅಷ್ಟೂ ಜನಕ್ಕೆ ಕಷ್ಟ ಆಗುವ ಪಾಠ ಒಂದುಂಟು, ಮುಖದ ನರ ಕಿವಿಯ ಎಲುಬಿನೊಳಗೆ ಹೋಗುವ ದಾರಿ, ಅಂದ್ರೆ ಫೇಶಿಯಲ್ ಕೆನಾಲ್. ನರ ಕೊಳವೆಯೊಳಗೆ ಹೊಕ್ಕಿತು, ಬಗ್ಗಿತು, ಹೊರಗೆ ಬಂತು ಅಂತ ಓದಿ ಓದಿ, ಎಲುಬಲ್ಲಿ ಮೊದಲೇ ತೂತು ಇತ್ತು, ನರ ಆಮೇಲೆ ಅದರೊಳಗೆ ನುಗ್ಗಿತು ಅಂತಲೇ ತಲೆಯಲ್ಲಿ ಕೂತುಬಿಡ್ತದೆ. ನಿಜ ಅದಕ್ಕೆ ಉಲ್ಟಾ ಮಾರಾಯ್ರೆ. ಗರ್ಭದಲ್ಲಿ ನರ ಮೊದಲು ಬಂದಾಗಿರ್ತದೆ, ಎಲುಬು ತಿಂಗಳುಗಟ್ಟಲೆ ಆದ ಮೇಲೆ ನಿಧಾನಕ್ಕೆ ಅದರ ಸುತ್ತ ಕಟ್ಟಿಕೊಳ್ತದೆ. ಇದನ್ನು ಕೈಯಾರೆ ಮಾಡಿ ನೋಡಿದ್ರೆ ಬಾಯಿಪಾಠವೇ ಬೇಡ.

ಬೇಕಾದದ್ದು ಹಳದಿ ಕರೆಂಟ್ ವಯರ್, ನೀಲಿ ಮತ್ತು ಬಿಳಿ ಕ್ಲೇ, ಒಂದು ಸ್ಕೇಲ್.

ಮೊದಲು ನರ. ವಯರನ್ನು 27 ಸೆಂ.ಮೀ. ಕಟ್ ಮಾಡಿ. ದೊಡ್ಡವರ ಕಿವಿಯಲ್ಲಿ ಈ ದಾರಿ ಒಟ್ಟು ಹತ್ತಿರ ಹತ್ತಿರ 3 ಸೆಂ.ಮೀ., ನಾವು ಮಾಡುವುದು ಅದರ ಹತ್ತು ಪಟ್ಟು. ಮೊದಲ 4 ಸೆಂ.ಮೀ. ಮುಂದಕ್ಕೆ ಬಿಟ್ಟು ಅಲ್ಲಿಂದ ಗಕ್ಕನೆ ಹಿಂದಕ್ಕೆ ಬಗ್ಗಿಸಿ, ಆಮೇಲೆ 10 ಸೆಂ.ಮೀ. ಹೋಗಿ ಕೆಳಗೆ ಇಳಿಸಿ, ಉಳಿದ 13 ಸೀದಾ ಕೆಳಗೆ. ಭ್ರೂಣಕ್ಕೆ 4 ವಾರ ಆಗುವ ಹೊತ್ತಿಗೇ ಈ ನರ ಕಿವಿಯ ನರದ ಒಟ್ಟಿಗೆ ಒಂದೇ ಗುಂಪಾಗಿ ಕಾಣ್ಲಿಕ್ಕೆ ಶುರು, ಭ್ರೂಣದ ಕುತ್ತಿಗೆ ಬದಿಯಲ್ಲಿ ಕಮಾನಿನ ಹಾಗೆ ಏಳುವ ಉಬ್ಬುಗಳಲ್ಲಿ ಎರಡನೆಯದು, ಅಂದ್ರೆ ಎರಡನೇ ಕಮಾನು, ಅದರ ಮಾಂಸಖಂಡಗಳಿಗೆ ಇದೇ ನರ. ಆವಾಗ ಸುತ್ತ ಎಲುಬು ಅಂತ ಎಂತದೂ ಇಲ್ಲ.

ಎರಡನೆಯದು ನೀಲಿ ಕ್ಲೇ, ಅಂದ್ರೆ ಕಾರ್ಟಿಲೇಜ್, ಮೆದು ಎಲುಬು. ಒಳಕಿವಿಯ ಸುತ್ತ ಬೆಳೆಯುವ ಕಾರ್ಟಿಲೇಜ್ ಗೋಡೆಯ ಬದಿಗೆ ನಮ್ಮ ನರ ತಾಗಿಕೊಂಡು ಇರ್ತದೆ, 10 ವಾರದ ಆಸುಪಾಸಿಗೆ ಅದಕ್ಕೊಂದು ಗುಳಿ ಬಿದ್ದಿರ್ತದೆ. ಇಲ್ಲಿ ಅವಸರ ಮಾಡ್ಬೇಡಿ, ವಯರನ್ನು ಪೂರ್ತಿ ಮುಚ್ಚಬಾರದು, ಮೆಲ್ಲ ಒತ್ತಿ ಅರ್ಧ ಮಾತ್ರ ಕೂರಿಸಿ, ನಮ್ಮ ತೋಟದಲ್ಲಿ ನೀರು ಹೋಗುವ ಅಡಿಕೆ ದಂಬೆ ಉಂಟಲ್ಲ, ಹಾಗೆ ಮೇಲ್ಗಡೆ ತೆರೆದೇ ಇರ್ಲಿ. ಕೆಳಗೆ ಇಳಿಯುವ ಭಾಗಕ್ಕೆ ಇನ್ನೊಂದು ನೀಲಿ ಕಡ್ಡಿ ಅಂಟಿಸಿ, ಅದು ಎರಡನೇ ಕಮಾನಿನ ರೈಖರ್ಟ್ ಕಾರ್ಟಿಲೇಜ್, ಅದರ ಮೇಲಿನ ತುದಿ ಒಳಕಿವಿಯ ಗೋಡೆಗೆ ಬಂದು ಸೇರ್ತದೆ.

ಈಗ ಬಿಳಿ ಕ್ಲೇ, ಎಲುಬು. ಮುಖ್ಯ ಕೆಲಸ ಇದೇ. ನಡು ಭಾಗದಲ್ಲಿ, ಆ 10 ಸೆಂ.ಮೀ. ಉಂಟಲ್ಲ ಅಲ್ಲಿ, ಎಲುಬು ಒಂದೇ ಕಡೆಯಿಂದ ಬರುವುದಿಲ್ಲ. ಸುಮಾರು 21 ವಾರಕ್ಕೆ ಮುಂದಿನ ತಿರುವಿನ ಕಡೆಯಿಂದ ಶುರುವಾಗ್ತದೆ, 26 ವಾರದ ಹೊತ್ತಿಗೆ ಹಿಂದೆ ಸ್ಟೇಪೀಡಿಯಸ್ ಅನ್ನುವ ಪುಟ್ಟ ಮಾಂಸಖಂಡದ ಕಡೆಯಿಂದ ಇನ್ನೊಂದು. ನೀವೂ ಹಾಗೇ ಮಾಡಿ, ಎರಡು ತುದಿಯಿಂದಲೂ ಗುಳಿಯ ಅಂಚನ್ನು ಮೇಲೆಳೆದು ವಯರ್ ಮೇಲೆ ಮುಚ್ಚುತ್ತಾ ಬನ್ನಿ. ಎರಡೂ ಬಂದು ಸೇರುವುದು ಓವಲ್ ವಿಂಡೋ ಹತ್ತಿರ, ಅಂದ್ರೆ ನಡುಕಿವಿಯ ಪುಟ್ಟ ಸ್ಟೇಪೀಸ್ ಎಲುಬು ಕೂರುವ ಕಿಂಡಿಯ ಸ್ವಲ್ಪ ಮೇಲೆ. ಅಲ್ಲಿಗೆ ಬಂದಾಗ ನಿಲ್ಲಿಸಿ, ಉಗುರಲ್ಲಿ ಸಣ್ಣ ಸಂದು ಬಿಡಿ.

ಯಾಕೆ ಅಂದ್ರೆ ಹುಟ್ಟುವಾಗ ಎಷ್ಟೋ ಮಕ್ಕಳಲ್ಲಿ ಅದು ಮುಚ್ಚಿರುವುದೇ ಇಲ್ಲ, ಹುಟ್ಟಿದ ಮೇಲೂ ಕೆಲಸ ನಡೀತಾ ಇರ್ತದೆ, ಕೆಲವರಲ್ಲಿ ಜೀವಮಾನ ಪೂರ್ತಿ ಹಾಗೇ ಉಳಿತದೆ. 1971ರಲ್ಲಿ ಬ್ಯಾಕ್ಸ್‌ಟರ್ ಅನ್ನುವವರು 535 ಕಿವಿ ಎಲುಬು ಪರೀಕ್ಷೆ ಮಾಡಿದಾಗ 55 ಪರ್ಸೆಂಟಲ್ಲಿ ಒಂದಾದರೂ ಸಂದು ಸಿಕ್ಕಿತ್ತು. ಹಾಗಾಗಿ ಇದನ್ನು ರೋಗ ಅಂತ ಕರೀಲಿಕ್ಕೆ ನನಗೆ ಮನಸ್ಸು ಬರುವುದಿಲ್ಲ. ಆದ್ರೆ ಸ್ಟೇಪೀಸ್ ಆಪರೇಶನ್ ಮಾಡುವ ಸರ್ಜನ್‌ಗೆ ಅಲ್ಲಿ ನರ ಬರಿಮೈಯಲ್ಲಿ ಇರಬಹುದು ಅನ್ನುವುದು ಗೊತ್ತಿರಲೇಬೇಕು. ಮನೆಯವರಿಗೂ ಒಂದು ಮಾತು, ಮಗುವಿನ ಕಿವಿ ಸೋರ್ತಾ ಉಂಟು ಅಥವಾ ಕಿವಿನೋವು ಜ್ವರ ಉಂಟು, ಅಳುವಾಗ ಬಾಯಿ ಒಂದೇ ಬದಿಗೆ ಎಳೀತದೆ, ಒಂದು ಕಣ್ಣು ಸರಿ ಮುಚ್ಚುವುದಿಲ್ಲ ಅಂತ ಕಂಡ್ರೆ ನಾಳೆ ನೋಡುವ ಅಂತ ಕೂರಬೇಡಿ, ಅದೇ ದಿನ ಇಎನ್‌ಟಿ ಡಾಕ್ಟ್ರ ಹತ್ರ ಹೋಗಿ. ನಡುಕಿವಿಯ ಸೋಂಕು ಆ ಸಂದಿನಿಂದ ನರಕ್ಕೆ ತಾಗಿರಬಹುದು.

ವಯರಿನ ಮೊದಲ 4 ಸೆಂ.ಮೀ.ಗೆ ಬಿಳಿ ಕ್ಲೇ ಬಿಗಿಯಾಗಿ ಸುತ್ತಿ. ಕೊಳವೆ ಅತೀ ಸಪೂರ ಇರುವುದು ಇಲ್ಲೇ, ನಿಜದ ಅಳತೆಯಲ್ಲಿ 1 ಮಿ.ಮೀ.ಗಿಂತಲೂ ಕಮ್ಮಿ, ಬೆಲ್ಸ್ ಪಾಲ್ಸಿಯಲ್ಲಿ (ಮುಖದ ಒಂದು ಬದಿ ತಟ್ಟನೆ ಸೋತುಹೋಗುವ ತೊಂದರೆ) ನರ ಊದಿದಾಗ ಒತ್ತು ಜಾಸ್ತಿ ಬೀಳುವುದೂ ಇಲ್ಲೇ.

ಕೊನೆಗೆ ಕೆಳತುದಿ. ನಿಮ್ಮ ಕಿವಿ ಹಿಂದೆ ಮುಟ್ಟಿ ನೋಡಿ, ಗಟ್ಟಿ ಉಬ್ಬು ಸಿಗ್ತದಲ್ಲ, ಅದು ಮ್ಯಾಸ್ಟಾಯ್ಡ್. ಹುಟ್ಟಿದ ಮಗುವಿಗೆ ಆ ಉಬ್ಬು ಇರುವುದಿಲ್ಲ, ನರ ಹೊರಬರುವ ತೂತು ಚರ್ಮದ ಅಡಿಗೇ ಇರ್ತದೆ. ಫೋರ್ಸೆಪ್ಸ್ (ಇಕ್ಕಳ) ಹಾಕಿ ಹೆರಿಗೆ ಮಾಡಿಸುವಾಗ ನರಕ್ಕೆ ಒತ್ತು ಬೀಳುವುದು ಇದೇ ಕಾರಣಕ್ಕೆ, ಎಳೆ ಮಗುವಿಗೆ ಕಿವಿ ಹಿಂದೆ ಆಪರೇಶನ್ ಮಾಡುವಾಗ ಕೊಯ್ಯುವ ಗೆರೆಯನ್ನು ಕೆಳಗೆ ತರದೆ ಮೇಲೆ, ಹಿಂದೆ ಇಡುವುದೂ ಇದಕ್ಕೇ. ಹಾಗಾಗಿ ನವಜಾತ ಶಿಶುವಿನ ಮಾಡೆಲ್ ಬೇಕಾದ್ರೆ ಕೆಳತುದಿ ಬಿಟ್ಟುಬಿಡಿ, ದೊಡ್ಡವರದ್ದಾದ್ರೆ ಪಕ್ಕದಲ್ಲೊಂದು ಬಿಳಿ ಉಂಡೆ ಅಂಟಿಸಿ.

ಮಾಡೆಲ್ ಒಣಗಿದ ಮೇಲೆ ಮಣಿಪಾಲದ ಅನಾಟಮಿ ಪೆಥಾಲಜಿ ಮ್ಯೂಸಿಯಂಗೆ ಒಮ್ಮೆ ಹೋಗಿ ಬನ್ನಿ, ಅಲ್ಲಿ ಸಾರ್ವಜನಿಕರಿಗೂ ಪ್ರವೇಶ ಉಂಟು. ತಲೆಬುರುಡೆಯ ಅಡಿಭಾಗ ನೋಡ್ಲಿಕ್ಕೆ ಸಿಕ್ಕಿದ್ರೆ ಸೂಜಿಯಂಥ ಸ್ಟೈಲಾಯ್ಡ್ ಮತ್ತು ಮ್ಯಾಸ್ಟಾಯ್ಡ್ ಉಬ್ಬಿನ ನಡುವೆ ಹುಡುಕಿ, ನಿಮ್ಮ ವಯರಿನ ಕೊನೆ ಹೊರಬರುವ ತೂತು ಅಲ್ಲೇ ಇರ್ತದೆ.