ಬೆಕ್ಕಿನ ಮುಂಗಾಲ ಮೀಸೆ: ಮನೆಯಲ್ಲೇ ನೋಡುವ ಬಗೆ

ಬೆಕ್ಕಿನ ಮುಂಗಾಲಲ್ಲೂ ಮೀಸೆ ಇದೆ ಎಂದರೆ ಸಾಕಿದವರೇ ಹುಬ್ಬೇರಿಸುತ್ತಾರೆ. ಅದು ಬಿಸಿಲು ಕಾಯಿಸುತ್ತಾ ತೂಕಡಿಸುವಾಗ ಮುಂಗಾಲಿನ ಹಿಂಬದಿ ನೋಡಿ. ಮಣಿಕಟ್ಟಿನ ಹತ್ತಿರ, ನಡೆಯುವಾಗ ನೆಲಕ್ಕೆ ತಾಗದ ಒಂಟಿ ಮೆತ್ತೆಯೊಂದಿದೆ. ಅದಕ್ಕಿಂತ ತುಸು ಮೇಲೆ ಮೂರೋ ನಾಲ್ಕೋ ಬಿರುಸು ಕೂದಲು ಹೊರಚಾಚಿರುತ್ತವೆ. ಕಾಣದಿದ್ದರೆ ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ. ನೇರ ಬೆಳಕಲ್ಲಿ ತುಪ್ಪಳದೊಳಗೆ ಸೇರಿಹೋಗುತ್ತವೆ.

ಈ ಕೂದಲಿನಲ್ಲಿ ನರವಿಲ್ಲ, ಇರುವುದೆಲ್ಲ ಬುಡದಲ್ಲಿ. ಮಾಮೂಲಿ ಕೂದಲಿಗಿಂತ ಬೇರು ಆಳ, ಸುತ್ತ ರಕ್ತ ತುಂಬಿದ ಚೀಲ, ಅಲ್ಲಿ ನರದ ತುದಿಗಳು. ಮಕ್ಕಳ ಪೇಂಟಿಂಗ್ ಬ್ರಷ್‌ನಿಂದ ಒಂದೇ ಕೂದಲಿನ ತುದಿ ಸೋಕಿಸಿ, ಸಾಮಾನ್ಯವಾಗಿ ಪಂಜ ಸರಕ್ಕನೆ ಹಿಂದೆ ಸರಿಯುತ್ತದೆ. ಎರಡು ಸಲ ಸಾಕು, ಮೂರನೆಯದಕ್ಕೆ ಬ್ರಷ್ಷೇ ಬೇಟೆ.

ಇನ್ನು ನಡಿಗೆ. ಹೆಜ್ಜೆ ಗುರುತು ಮೂಡಲು ನೆಲಕ್ಕೆ ಹಿಟ್ಟು ಬೇಕು. ಬಸವನಗುಡಿ, ಮಲ್ಲೇಶ್ವರದ ಹಳೆ ಮನೆಗಳ ಕೆಂಪು ರೆಡ್ ಆಕ್ಸೈಡ್ ನೆಲವಿದ್ದರೆ ಅಕ್ಕಿ ಹಿಟ್ಟು, ಅಪಾರ್ಟ್‌ಮೆಂಟಿನ ಬಿಳಿ ಟೈಲ್ಸ್ ಆದರೆ ರಾಗಿ ಹಿಟ್ಟು. ಎರಡು ಚಮಚವನ್ನು ಟೀ ಸೋಸುವ ಜಾಲರಿಯಲ್ಲಿ ಒಂದು ಮೀಟರ್ ಉದ್ದಕ್ಕೆ ತೆಳ್ಳಗೆ ಉದುರಿಸಿ. ದಪ್ಪವಾದರೆ ಬೆಕ್ಕು ಕಾಲು ಕೊಡವಿ ಹಾರಿಬಿಡುತ್ತದೆ, ಗುರುತೆಲ್ಲ ಕಲಸಿಹೋಗುತ್ತದೆ. ರಂಗೋಲಿ ಪುಡಿ ಬೇಡ. ಕಲ್ಲಿನ ಪುಡಿ ಅದು, ಬೆಕ್ಕು ಪಾದ ನೆಕ್ಕದೆ ಬಿಡುವುದಿಲ್ಲ. ನಿಧಾನಕ್ಕೆ ನಡೆದ ಬೆಕ್ಕಿನ ಹೆಜ್ಜೆ ನೋಡಿ: ಹಿಂಗಾಲು ಹೆಚ್ಚುಕಡಿಮೆ ಮುಂಗಾಲಿನ ಗುರುತಿನ ಮೇಲೆಯೇ ಬಿದ್ದಿರುತ್ತದೆ. ಮುಂಗಾಲು ತಡವಿ ಒಪ್ಪಿಕೊಂಡ ಜಾಗಕ್ಕೇ ಹಿಂಗಾಲೂ ಬರುತ್ತದೆ. ಹಿಂಗಾಲಲ್ಲಿ ಈ ಮೀಸೆ ಹುಡುಕಿದರೆ ಸಿಗುವುದಿಲ್ಲ.

ವಿಡಿಯೊ ತೆಗೆಯುವವರು ಫೋನನ್ನು ನೆಲಕ್ಕೇ ತಾಗಿಸಿ ಪುಸ್ತಕಕ್ಕೆ ಒರಗಿಸಿ, ಸ್ಲೋ ಮೋಷನ್‌ನಲ್ಲಿ ಸೆಕೆಂಡಿಗೆ 240 ಫ್ರೇಮ್ ಇಡಿ. ಕಿಟಕಿಯ ಬಿಸಿಲಲ್ಲೇ ತೆಗೆಯಿರಿ. ನಮ್ಮ ಕರೆಂಟು 50 ಹರ್ಟ್ಸ್, ಹಳೆ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ವಿಡಿಯೊ ಪೂರ್ತಿ ಪಟಪಟ ಹೊಡೆದುಕೊಳ್ಳುತ್ತದೆ. ಸಾದಾ ನಡಿಗೆಯಲ್ಲಿ ಕೂದಲು ನೆಲ ಮುಟ್ಟುವುದು ಕಡಿಮೆ, ಅದಕ್ಕೇ ಹಲವರಿಗೆ ಏನೂ ಸಿಗುವುದಿಲ್ಲ. ಗೋಣಿ ದಾರವೊಂದನ್ನು ಮೆಲ್ಲಗೆ ಎಳೆಯಿರಿ. ಬೆಕ್ಕು ಹೊಂಚುಹಾಕಿ ಮೈ ತಗ್ಗಿಸಿದಾಗ ಮಣಿಕಟ್ಟೂ ಕೆಳಗಿಳಿಯುತ್ತದೆ, ಆಗ ಕೂದಲು ನೆಲ ಸವರುವುದು ಸಿಗಬಹುದು.

ಒಂದು ಮೋಸವಿದೆ. ದಾರಿಗೆ ಅಡ್ಡ ಇಟ್ಟ ಪುಸ್ತಕವನ್ನು ಹಿಂಗಾಲೂ ಸಲೀಸಾಗಿ ದಾಟಿತೆಂದು ಮೀಸೆಗೆ ಶಹಬ್ಬಾಸ್‌ಗಿರಿ ಕೊಡಬೇಡಿ. ಮುಂಗಾಲು ದಾಟಿ ನಿಂತಾಗ ಅಡ್ಡಿಯನ್ನು ಸದ್ದಿಲ್ಲದೆ ತೆಗೆದರೂ ಹಿಂಗಾಲು ಎತ್ತರಕ್ಕೇ ಏಳುತ್ತದೆ. ಅದು ನೆನಪಿನ ಕೆಲಸ.

ಇಲಿಯದು ಬೇರೆಯೇ ರೀತಿ. ಅದು ಮೂತಿಯ ಮೀಸೆಯನ್ನು ಸೆಕೆಂಡಿಗೆ ಹತ್ತು ಸಲದ ಆಸುಪಾಸು ಹಿಂದೆಮುಂದೆ ಬೀಸುತ್ತದೆ. ಓಟ ಜೋರಾದರೆ ಬೀಸುವುದು ಕಡಿಮೆ ಮಾಡಿ ಮುಂದಕ್ಕೆ ಚಾಚಿ ಹಿಡಿಯುತ್ತದೆ. ಹಳೆ ಅಕ್ಕಿ ಮಂಡಿಯ ಗೋಡೆ ಬುಡದಲ್ಲಿ ಕಾಣುವ ಜಿಡ್ಡುಗಪ್ಪು ಗೆರೆ, ಮೀಸೆಯಿಂದ ಗೋಡೆ ಸವರುತ್ತಾ ದಿನಾ ಒಂದೇ ದಾರಿಯಲ್ಲಿ ಓಡಿದ ಇಲಿಗಳ ಮೈಜಿಡ್ಡು.

ಪರ್ಷಿಯನ್ ಬೆಕ್ಕನ್ನು ಗ್ರೂಮಿಂಗ್‌ಗೆ ಕೊಡುವಾಗ ಮೂತಿಯ ಮೀಸೆ ಉಳಿಸಿ ಎಂದು ಎಲ್ಲರೂ ಹೇಳುತ್ತಾರೆ, ಕಾಲಿನದನ್ನು ಮರೆಯುತ್ತಾರೆ. ಮುಂಗಾಲಿನ ಹಿಂಬದಿಗೆ ಟ್ರಿಮ್ಮರ್ ಹಾಕಬೇಡಿ ಎಂದು ಮೊದಲೇ ಹೇಳಿ. ಕತ್ತರಿಸಿಹೋದರೆ ಗಾಬರಿಯಿಲ್ಲ, ಕೆಲವು ವಾರಗಳಲ್ಲಿ ಮತ್ತೆ ಬೆಳೆಯುತ್ತದೆ.